ಬಿಟ್ಟಿ ಅಕ್ಕಿ ತಿಂದು ಬೆಳೆದವನ ಉತ್ತರ

ಬಿಟ್ಟಿ ಅಕ್ಕಿ ಕೊಟ್ಟು ಕೊಟ್ಟು ಬಡವರನ್ನು ಸೋಮಾರಿ ಮಾಡಿಟ್ಟಿದ್ದಾರೆ, ಕಷ್ಟಪಟ್ಟು ದುಡಿದರೆ ಯಾರು ಬೇಕಾದರೂ ಮೇಲೆ ಬರಬಹುದಲ್ವಾ, ಹೀಗನ್ನೋದರಲ್ಲಿ ತಪ್ಪೇನಿದೆ ಅಂತ ಕೇಳಿದ್ದೀರಿ. ಆ ಅಕ್ಕಿ ತಿಂದು ಬೆಳೆದವನು ನಾನು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ನಾನು ಪಿಯುಸಿ. ಬೆಂಗಳೂರಿನ ಒಂದು ವಠಾರ, ಒಂದೇ ರೂಮಿನ ಮನೆ, ಏಳು ಮನೆಗೆ ಎರಡು ಕಕ್ಕಸು. ಅಪ್ಪ ತೀರಿಕೊಂಡು ಆಗಲೇ ಆರು ವರ್ಷ. ಅಮ್ಮ ನಾಲ್ಕು ಮನೆಯಲ್ಲಿ ಪಾತ್ರೆ, ಬಟ್ಟೆ, ಕಸ-ನೆಲ ಮಾಡುತ್ತಿದ್ದಳು. ಆಗ ಕೆಜಿಗೆ 1 ರೂಪಾಯಿ. ಅಮ್ಮ, ಅಣ್ಣ, ನಾನು, ಮೂರು ಜನಕ್ಕೆ 30 ರೂಪಾಯಿಗೆ 30 ಕೆಜಿ ಬರುತ್ತಿತ್ತು.

ಆ ಅಕ್ಕಿ ಬಂದ ಮೇಲೆ ಅಮ್ಮ ಕೆಲಸ ಬಿಟ್ಟಳಾ? ಒಂದು ಮನೆ ಬಿಟ್ಟಳು, ಸುಳ್ಳು ಹೇಳಲ್ಲ. ಆ ಮನೆಯಲ್ಲಿ ಅವಳಿಗೆ ಟೀ ಕೊಡುವ ಲೋಟವನ್ನು ಸಿಂಕಿನ ಕೆಳಗೆ, ಫಿನಾಯಿಲ್ ಬಾಟಲಿ ಪಕ್ಕ ಇಡುತ್ತಿದ್ದರು. ಹಬ್ಬದ ದಿನ ಬೇರೆ ಮನೆಯವರು ಬೇಗ ಕಳಿಸಿದರೆ ಇವರು ಮಾತ್ರ ನೆಂಟರು ಉಂಡ ಎಲ್ಲಾ ಪಾತ್ರೆ ಮುಗಿಯುವವರೆಗೂ ಬಿಡುತ್ತಿರಲಿಲ್ಲ. ಇಷ್ಟು ವರ್ಷ ಹೋಗುತ್ತಿದ್ದಳು, ಯಾಕಂದ್ರೆ ಆ ಮನೆಯ ಸಂಬಳದಲ್ಲೇ ಅಕ್ಕಿ ಬರಬೇಕಿತ್ತು. ಅನ್ನಕ್ಕೆ ಯೋಚನೆ ಇಲ್ಲ ಅಂತಾದ ಮೇಲೆ ಒಂದು ದಿನ "ನಾಳೆಯಿಂದ ಬರಲ್ಲ ಕಣಮ್ಮ" ಅಂದುಬಿಟ್ಟಳು. ಅವರು ಪಕ್ಕದ ಮನೆಯವರ ಹತ್ತಿರ "ಸರ್ಕಾರ ಅಕ್ಕಿ ಕೊಟ್ಟು ಇವರನ್ನೆಲ್ಲಾ ಕೊಬ್ಬಿಸಿಬಿಟ್ಟಿದೆ, ಕೆಲಸದವರೇ ಸಿಗಲ್ಲ" ಅಂದರಂತೆ. ಸೋಮಾರಿ ಅನ್ನೋ ಮಾತು ಎಲ್ಲಿಂದ ಹುಟ್ಟುತ್ತೆ ಅಂತ ನನಗೆ ಅವತ್ತು ಗೊತ್ತಾಯಿತು. ಉಳಿದ ಮೂರು ಮನೆಗೆ ಅಮ್ಮ ಮೊನ್ನೆ ಮೊನ್ನೆವರೆಗೂ ಹೋದಳು.

ಆಮೇಲೆ ಆ ಅಕ್ಕಿಯನ್ನು ಬಿಟ್ಟಿ ಅಂತೀರಲ್ಲ, ಅದನ್ನು ತರೋದು ಹೇಗೆ ಅಂತ ಒಂದು ಸಲ ನೋಡಿದ್ದೀರಾ? ರೇಷನ್ ಅಂಗಡಿಗೆ ತಂಬ್ ಕೊಡುವ ಮೆಷಿನ್ ಬಂದ ಮೇಲೆ ಅಮ್ಮನಿಗೆ ಹೊಸ ತಲೆನೋವು. ವರ್ಷಗಟ್ಟಲೆ ಸಬೀನಾ, ಸೋಪಿನ ಪುಡಿಯಲ್ಲಿ ಕೈ ಇಟ್ಟು ಬೆರಳಿನ ಗೆರೆಗಳೆಲ್ಲಾ ಸವೆದುಹೋಗಿದ್ದವು. ಹೆಬ್ಬೆಟ್ಟು ಇಟ್ಟರೆ ಮೆಷಿನ್ ತಗೋತಿರಲಿಲ್ಲ. ಸೆರಗಿಗೆ ಒರೆಸಿಕೊಂಡು ಇಡೋದು, ತಲೆಗೆ ಉಜ್ಜಿ ಎಣ್ಣೆ ಹತ್ತಿಸಿಕೊಂಡು ಇಡೋದು, ತೋರುಬೆರಳು, ನಡುಬೆರಳು, ಎಡಗೈ. ಹಿಂದೆ ನಿಂತವರು "ಬೇಗ ಆಗ್ಲಿ ಕಣಮ್ಮ" ಅಂತ ಗೊಣಗೋರು. ಅಂಗಡಿಯವನು "ನಾಳೆ ಮಗನ್ನ ಕಳ್ಸಿ" ಅನ್ನೋನು. ಮಗ ರಜೆ ಹಾಕಿ ಹೋದರೆ ಸರ್ವರ್ ಇಲ್ಲ. ಒಂದು ತಿಂಗಳು ಮೂರು ಸಲ ಹೋಗಿದ್ದೇವೆ. ಅಮ್ಮ ಒಂದು ದಿನ ಕೆಲಸ ತಪ್ಪಿಸಿದರೆ ಎಲ್ಲಾ ಮನೆಯಲ್ಲೂ ಮುಖ ಸಿಂಡರಿಸೋರು.

ನನಗೆ ಇದರಲ್ಲಿ ಜಾಸ್ತಿ ಚುಚ್ಚುವುದು ಅಂದ್ರೆ ಈ ಲೆಕ್ಕ ಕೇಳುವ ಚಾಳಿ. 2021ರಲ್ಲಿ ನೆನಪಿದೆಯಾ, ಟಿವಿ, ಫ್ರಿಜ್ಜು, ಬೈಕು ಇದ್ದವರು ಬಿಪಿಎಲ್ ಕಾರ್ಡ್ ವಾಪಸ್ ಕೊಡಬೇಕು ಅಂತ ಆಗಿನ ಆಹಾರ ಸಚಿವರು ಹೇಳಿ, ಗಲಾಟೆಯಾಗಿ ಆ ಮಾತು ಹಿಂದೆ ತಗೊಂಡರು. ನಮ್ಮ ವಠಾರದಲ್ಲಿ ಆಗ ಎಲ್ಲರ ಮನೆಯಲ್ಲೂ ಟಿವಿ ಇತ್ತು. ನಮ್ಮದು ಅಮ್ಮ ಕೆಲಸಕ್ಕೆ ಹೋಗುವ ಮನೆಯವರು ಹೊಸದು ತಗೊಂಡಾಗ ಕೊಟ್ಟಿದ್ದು, ಬಣ್ಣವೆಲ್ಲಾ ಹಸಿರು ಹಸಿರಾಗಿ ಕಾಣುತ್ತಿತ್ತು. ಇನ್ನೂ ಹಿಂದೆ ಹೋದರೆ 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿನಲ್ಲಿ, ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವಷ್ಟು ಇದ್ದರೆ ಬಡವನಲ್ಲ ಅನ್ನೋ ಲೆಕ್ಕ ಕೊಟ್ಟಿತ್ತು. 32 ರೂಪಾಯಿಯಲ್ಲಿ ಏನೇನು ಮಾಡಬಹುದು ಅಂತ ಅಮ್ಮನನ್ನು ಕೇಳಿದ್ದೆ. ಬೇಳೆ ತಂದ್ರೆ ಎಣ್ಣೆ ಇಲ್ಲ ಅಂದಳು, ಅಷ್ಟೇ.

ಈಗ ನನ್ನ ವಿಷಯ. ನಾನೀಗ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದೇನೆ, ಸಾಲ ಮಾಡಿ ಫ್ಲ್ಯಾಟ್ ತಗೊಂಡಿದ್ದೇನೆ. ಹಳೇ ತೆರಿಗೆ ಪದ್ಧತಿಯಲ್ಲಿ ಹೋಮ್ ಲೋನ್ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ, ನಾನು ಪೂರ್ತಿ ತಗೋತೀನಿ. ಸರ್ಕಾರಕ್ಕೆ ಬರಬೇಕಾದ ದುಡ್ಡೇ ಅಲ್ವಾ ಅದೂ? ಇದುವರೆಗೆ ಒಬ್ಬರೂ ನನಗೆ ಬಿಟ್ಟಿ ಭಾಗ್ಯ ತಿಂದವನು ಅಂದಿಲ್ಲ. ಬೆರಳು ಇಡು ಅಂತಲೂ ಅಂದಿಲ್ಲ, ಮನೆಯಲ್ಲಿ ಕೂತು ಕಾಫಿ ಕುಡೀತಾ ಫಾರಂ ತುಂಬಿದ್ದೇನೆ. "ನಮ್ಮ ಟ್ಯಾಕ್ಸ್ ದುಡ್ಡು" ಅನ್ನೋರಿಗೆ ಇನ್ನೊಂದು ಮಾತು, ಅಮ್ಮ ತರುತ್ತಿದ್ದ ಸೋಪು, ಪೇಸ್ಟು, ಅಡುಗೆ ಎಣ್ಣೆ, ಎಲ್ಲದರ ಮೇಲೂ ಟ್ಯಾಕ್ಸ್ ಇತ್ತು.

ಸಾಲದ್ದೂ ಹಾಗೇ. ನನ್ನ ಹೋಮ್ ಲೋನಿಗೆ ನೂರಕ್ಕೆ ಎಂಟೋ ಒಂಬತ್ತೋ ಬಡ್ಡಿ, ಅದೂ ವರ್ಷಕ್ಕೆ. ನಮ್ಮ ಚಿಕ್ಕಪ್ಪ ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಾರೆ. ಬಂಡವಾಳ ಕೈಯಲ್ಲಿಲ್ಲದ ದಿನ ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ 900 ತಗೊಂಡು ಸಂಜೆ 1000 ಕೊಡೋರು. ಒಂದೇ ದಿನಕ್ಕೆ ನೂರಕ್ಕೆ ಹನ್ನೊಂದು ರೂಪಾಯಿ! ಮಳೆ ಬಂದು ಸೊಪ್ಪು ಉಳಿದರೆ ಅವತ್ತಿನ ದುಡಿಮೆ ಪೂರ್ತಿ ಬಡ್ಡಿಗೆ. 2018ರಲ್ಲಿ ಬಡವರ ಬಂಧು ಅಂತ ಬೀದಿ ವ್ಯಾಪಾರಿಗಳಿಗೆ 2,000ದಿಂದ 10,000ದವರೆಗೆ ಬಡ್ಡಿ ಇಲ್ಲದ ಸಾಲ ಶುರು ಮಾಡಿದ್ದು ಈ ಮೀಟರ್ ಬಡ್ಡಿ ತಪ್ಪಿಸೋಕೇ. ಚಿಕ್ಕಪ್ಪನಿಗೆ ಸಿಗಲಿಲ್ಲ, ಯಾವ ದಾಖಲೆ ಕೊಟ್ಟರೂ ಇನ್ನೊಂದು ಬೇಕು ಅಂದರಂತೆ. ಬೆಳಿಗ್ಗೆ ನಾಲ್ಕಕ್ಕೆ ಏಳುವ ಮನುಷ್ಯ. ಅವರಿಗೆ ಹೋಗಿ ಇನ್ನೂ ಕಷ್ಟಪಡಿ, ಮೇಲೆ ಬರ್ತೀರಿ ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಕಾರಿಟ್ಟುಕೊಂಡು ಬಿಪಿಎಲ್ ಕಾರ್ಡ್ ಮಾಡಿಸಿಕೊಂಡವರನ್ನು ನಾನೇ ನೋಡಿದ್ದೇನೆ, ನಮ್ಮ ನೆಂಟರಲ್ಲೇ ಒಬ್ಬರಿದ್ದಾರೆ. ರೇಷನ್ ಅಕ್ಕಿ ಮಾರುವವರೂ ಇದ್ದಾರೆ. ನಾವೂ ಮಾರಿದ್ದೇವೆ, ಎರಡು ಸಲ. ಗ್ಯಾಸ್ ಮುಗಿದಿತ್ತು, ಸಿಲಿಂಡರ್‌ಗೆ ದುಡ್ಡು ಸಾಲದು, ಹಸಿ ಅಕ್ಕಿ ತಿನ್ನೋಕಾಗುತ್ತಾ? ತಪ್ಪು ಅಂತ ಅಮ್ಮನಿಗೂ ಗೊತ್ತಿತ್ತು, ಚೀಲವನ್ನು ಕತ್ತಲಾದ ಮೇಲೆ ತಗೊಂಡು ಹೋಗಿದ್ದಳು.

ನೀನು ಮೇಲೆ ಬಂದೆಯಲ್ಲಾ ಅಂತ ಕೇಳಬಹುದು. ನನ್ನನ್ನು ತೋರಿಸಿ ಬೇರೆಯವರಿಗೆ ಬುದ್ಧಿ ಹೇಳೋರು ಆಫೀಸಿನಲ್ಲೂ ಇದ್ದಾರೆ. ಆದರೆ ಅಣ್ಣ ಒಂಬತ್ತನೇ ಕ್ಲಾಸಿಗೇ ಗ್ಯಾರೇಜ್ ಸೇರಿದ್ದಕ್ಕೆ ನಾನು ಓದಿದ್ದು. ಇಬ್ಬರಲ್ಲಿ ಅವನೇ ಜಾಣ, ಲೆಕ್ಕದಲ್ಲಂತೂ ನನಗಿಂತ ಎಷ್ಟೋ ಮುಂದೆ. ಈಗಲೂ ನನ್ನ ಎರಡರಷ್ಟು ಹೊತ್ತು ದುಡೀತಾನೆ, ಬಾಡಿಗೆ ಮನೆಯಲ್ಲೇ ಇದ್ದಾನೆ. ನಾನು ಓದುತ್ತಿದ್ದ ಆ ಐದಾರು ವರ್ಷ ಮನೆಯಲ್ಲಿ ಯಾರೂ ಆಸ್ಪತ್ರೆಗೆ ಸೇರುವಂತೆ ಮಲಗಲಿಲ್ಲ, ಅದೂ ಒಂದು. ಮಲಗಿದ್ದರೆ ನಾನೂ ಅವನ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದಿರುತ್ತಿದ್ದೆ.

ಇಷ್ಟೆಲ್ಲಾ ಬರೆದೆ, ಇನ್ನೊಂದನ್ನೂ ಹೇಳಿಬಿಡ್ತೀನಿ. ಹೋದ ತಿಂಗಳು ನಮ್ಮ ಫ್ಲ್ಯಾಟಿಗೆ ಕೆಲಸಕ್ಕೆ ಬರುವವರು 3,000 ಅಡ್ವಾನ್ಸ್ ಕೇಳಿದರು. "ಯಾಕೆ? ಈ ತಿಂಗಳು ಆಗಲೇ ತಗೊಂಡಿದ್ರಲ್ಲಾ?" ಅಂದೆ, ಯೋಚನೆಯನ್ನೇ ಮಾಡಲಿಲ್ಲ, ಬಾಯಿಂದ ಹಾಗೇ ಬಂತು. ಅವರು ಮಗಳ ಫೀಸು, ರಸೀದಿ ತಂದು ತೋರಿಸ್ತೀನಿ ಅಂದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏನೂ ಅನ್ನಲಿಲ್ಲ, ನನ್ನ ಮುಖ ಒಂದು ಸಲ ನೋಡಿ ಒಳಗೆ ಹೋದಳು. ರಸೀದಿ ಏನೂ ಬೇಡ ಅಂತ ದುಡ್ಡು ಕೊಟ್ಟೆ. ಆದರೂ ನಿಜವಾಗಿ ಫೀಸಿಗೇ ಕಟ್ಟಿದರಾ ಅಂತ ಎರಡು ದಿನ ತಲೆಯಲ್ಲಿ ಕೊರೀತಾನೇ ಇತ್ತು.