ಬರ್ನ್ ಪಿಟ್ (ಸೇನಾ ನೆಲೆಗಳ ಕಸ ಸುಡುವ ಗುಂಡಿ) ಹೊಗೆ ಕುಡಿದ ಅಮೆರಿಕದ ಮಾಜಿ ಸೈನಿಕರ ಚಿಕಿತ್ಸೆಗೆ ಪ್ರತ್ಯೇಕ ಕಾನೂನು ಏಕೆ ಬೇಕಾಯಿತು?

ಆಸ್ಪತ್ರೆಗಳೇನೋ ಇದ್ದವು, ಇಲ್ಲದ್ದು ಪುರಾವೆ. ಕಾಯಿಲೆ ಸೇವೆಯಲ್ಲಿದ್ದಾಗಿನ ಹೊಗೆಯಿಂದಲೇ ಬಂತು ಎಂದು ಸೈನಿಕರೇ ಸಾಬೀತು ಮಾಡಬೇಕಿತ್ತು. 2022ರ ಪ್ಯಾಕ್ಟ್ ಕಾಯ್ದೆ ಆ ಹೊರೆಯನ್ನು ಬಹುಮಟ್ಟಿಗೆ ಇಳಿಸಿತು.

ಇರಾಕ್, ಅಫ್ಘಾನಿಸ್ತಾನದ ಸೇನಾ ನೆಲೆಗಳಲ್ಲಿ ಪ್ಲಾಸ್ಟಿಕ್, ಬಣ್ಣದ ಡಬ್ಬಿ, ಬ್ಯಾಟರಿ, ಆಸ್ಪತ್ರೆಯ ಕಸ, ಕೊನೆಗೆ ಮಲವನ್ನೂ ತೆರೆದ ಗುಂಡಿಗೆ ಸುರಿದು, ವಿಮಾನದ ಇಂಧನ ಹಾಕಿ ಸುಡುತ್ತಿದ್ದರು. ಕಪ್ಪು ಹೊಗೆ ಮಲಗುವ ಜಾಗದವರೆಗೂ ಬರುತ್ತಿತ್ತು. ಯಾರು ಎಷ್ಟು ಕುಡಿದರೆಂದು ಅಳೆದಿಟ್ಟವರಿಲ್ಲ. ಕ್ಯಾನ್ಸರ್ ಕಾಣಿಸಿಕೊಳ್ಳುವುದೋ ಎಷ್ಟೋ ವರ್ಷಗಳ ಮೇಲೆ. ಹೀಗಿರುವಾಗ ಸಾಬೀತು ಮಾಡುವುದು ಹೇಗೆ? ಹೆಚ್ಚಿನ ಅರ್ಜಿಗಳು ತಿರಸ್ಕೃತವಾದವು.

ಈಗ ನಿಗದಿತ ಅವಧಿಯಲ್ಲಿ ಅಲ್ಲಿ ಸೇವೆ ಸಲ್ಲಿಸಿದ ದಾಖಲೆಯಿದ್ದು, ಪಟ್ಟಿಯಲ್ಲಿರುವ ಕಾಯಿಲೆ ಬಂದಿದ್ದರೆ, ಸೇವೆಯೇ ಕಾರಣ ಎಂದು ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ ಭಾವಿಸಿಕೊಳ್ಳುತ್ತದೆ. ಆ ಪಟ್ಟಿಗೆ ಕಾಯ್ದೆ 20ಕ್ಕೂ ಹೆಚ್ಚು ಕಾಯಿಲೆಗಳನ್ನು ಸೇರಿಸಿತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಸಸ್ಯನಾಶಕ ವಿಷಕ್ಕೆ 1991ರ ಕಾನೂನಿನಲ್ಲೇ ಇದ್ದ ಉಪಾಯವಿದು. ಹೊಗೆಯ ಸರದಿ ಬರಲು ಇಷ್ಟು ತಡವಾಗಬೇಕಿರಲಿಲ್ಲ. 2024ರ ಮಾರ್ಚ್ 5ರಿಂದ ಇಂಥವರು ಪರಿಹಾರಕ್ಕೆ ಅರ್ಜಿ ಹಾಕದೆಯೂ ನೇರವಾಗಿ ಇಲಾಖೆಯ ಆರೋಗ್ಯಸೇವೆಗೆ ಹೆಸರು ನೋಂದಾಯಿಸಬಹುದು.