ಮನೆಯ ಸಾಂಬ್ರಾಣಿ ಹೊಗೆಯಂಥ ವಾಸನೆ ಬೇಕು. ಯಾವ ಫ್ರಾಂಕಿನ್‌ಸೆನ್ಸ್ ಪರ್ಫ್ಯೂಮ್ ಕೊಳ್ಳಲಿ?

ಯಾವುದೂ ಬೇಡ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು 38 ರಿಯಾಲ್ ಕಳೆದಿದ್ದೇನೆ.

ನಮ್ಮಜ್ಜಿ ಬಾಣಂತನದಲ್ಲಿ ಎರೆದಾದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಕವುಚಿ, ಅದರ ಮೇಲೆ ಒದ್ದೆ ಕೂದಲು ಹರಡಿಸುತ್ತಿದ್ದಳು. ಆ ವಾಸನೆ ಬಾಟಲಿಯಲ್ಲಿ ಬೇಕಿತ್ತು ನನಗೆ. 2019ರಲ್ಲಿ ಮಸ್ಕತ್‌ನಲ್ಲಿ ಕೆಲಸ. ಅಲ್ಲಿನ ಮಾರುಕಟ್ಟೆ ಮತ್ರಾ ಸೂಕ್‌ನ ಒಂದು ಅಂಗಡಿಯ ಬಾಗಿಲಲ್ಲೇ ಧೂಪ ಹಾಕುವ ಮಜ್ಮರ್‌ನಲ್ಲಿ ಒಮಾನಿನ ದೋಫಾರ್ ಸೀಮೆಯ ಲುಬಾನ್, ಅಂದರೆ ಫ್ರಾಂಕಿನ್‌ಸೆನ್ಸ್ ಅಂಟು, ಹೊಗೆಯಾಡುತ್ತಿತ್ತು. ಒಳಗೆ ಮಣಿಕಟ್ಟಿಗೆ ಲುಬಾನ್ ಪರ್ಫ್ಯೂಮ್ ಒಂದು ಸಲ ಹೊಡೆದರು, ಮೂಸಿದೆ, ಕಣ್ಣು ಒದ್ದೆಯಾಯಿತು. ಆಗಿನ ಲೆಕ್ಕದಲ್ಲಿ ಸುಮಾರು ಏಳು ಸಾವಿರ ರೂಪಾಯಿ. ಚೌಕಾಸಿಯನ್ನೂ ಮಾಡಲಿಲ್ಲ.

ರೂಮಿಗೆ ಬಂದು ಹಾಕಿಕೊಂಡರೆ ನಿಂಬೆ ಸಿಪ್ಪೆ, ಮೇಲೆ ಟರ್ಪೆಂಟೈನ್! ಮೋಸ ಹೋದೆ ಅಂದುಕೊಂಡೆ. ಮೋಸ ಮಾಡಿದ್ದು ನನ್ನ ಮೂಗು. ಅಂಗಡಿಯಲ್ಲಿ ನಾನು ಮೂಸಿದ್ದು ಬಾಟಲಿಯನ್ನಲ್ಲ, ಗಾಳಿಯನ್ನು. ಹೊಗೆ ಮಜ್ಮರ್‌ನದು, ಹೊಗಳಿಕೆ ಬಾಟಲಿಗೆ. ಬಯಲಿಗೆ ಬಂದು ಹತ್ತು ನಿಮಿಷ ನಿಂತಿದ್ದರೆ ಸಾಕಿತ್ತು, ಹತ್ತೇ ನಿಮಿಷ. ಲುಬಾನ್ ಎಣ್ಣೆಯಲ್ಲಿ ಹೆಚ್ಚಾಗಿರುವುದು ಆಲ್ಫಾ ಪೈನೀನ್, ಟರ್ಪೆಂಟೈನ್‌ನಲ್ಲೂ ಅದೇ. ಬೇಗ ಹಾರಿಹೋಗುವ ಹಗುರ ವಸ್ತು. ಹೊಗೆಯ ಗಾಢ ವಾಸನೆ ಹುಟ್ಟುವುದು ಭಾರದ ರಾಳ ಕೆಂಡದಲ್ಲಿ ಸುಟ್ಟಾಗ. ಆ ಭಾರದ ಭಾಗ ಭಟ್ಟಿ ಇಳಿಸಿದ ಎಣ್ಣೆಗೆ ಹೆಚ್ಚೇನೂ ಬರುವುದಿಲ್ಲ.

ಇನ್ನೂ ದೊಡ್ಡ ಎಡವಟ್ಟು: ಅಜ್ಜಿಯ ಸಾಂಬ್ರಾಣಿ ಫ್ರಾಂಕಿನ್‌ಸೆನ್ಸೇ ಅಲ್ಲ. ಅದು ಬೆಂಜೊಯಿನ್, ಸುಮಾತ್ರಾ ಕಡೆಯ ಬೇರೆಯೇ ಮರದ ಅಂಟು. ಅರಬರು ಅದನ್ನು ‘ಲುಬಾನ್ ಜಾವಿ’, ಅಂದರೆ ಜಾವಾದ ಲುಬಾನ್ ಎಂದು ಕರೆದರು. ಗೊಂದಲದ ಬೇರು ಅಲ್ಲೇ ಇದೆ. (ಆ ಹೆಸರೇ ಸವೆದು ಬೆಂಜೊಯಿನ್ ಆಯಿತು, ಮುಂದೆ ರಸಾಯನಶಾಸ್ತ್ರದ ಬೆಂಜೀನ್ ಕೂಡ.) ಬೆಂಜೊಯಿನ್ ಸಿಹಿ, ವೆನಿಲ್ಲಾದ ನೆಂಟ. ನಿಧಾನಕ್ಕೆ ಆರುತ್ತದೆ, ಬಟ್ಟೆಯಲ್ಲಿ ದಿನಗಟ್ಟಲೆ ಕೂತಿರುತ್ತದೆ.

ಹಾಗಾಗಿ ಮೊದಲು ಮನೆಗೆ ಫೋನ್ ಮಾಡಿ, ಕೆಂಡಕ್ಕೆ ಏನು ಹಾಕುತ್ತಿದ್ದರು ಕೇಳಿ. ಸಾಂಬ್ರಾಣಿಯೋ, ಗುಗ್ಗುಳವೋ, ಘಟ್ಟದ ಹಾಲ್ಮಡ್ಡಿಯೋ? ಕಂಪ್ಯೂಟರ್ ಸಾಂಬ್ರಾಣಿ ಅಂದರೆ ಆ ಮಾತು ಅಲ್ಲಿಗೇ ಬಿಡಿ. ಗ್ರಂಧಿಗೆ ಅಂಗಡಿಯಿಂದ ಗಟ್ಟಿ ತಂದು ಕೆಂಡದ ಮೇಲೆ ಸುಟ್ಟು, ಮೂಗಿಗೆ ನೆನಪು ಮಾಡಿಸಿ. ಆಮೇಲೂ ಬಾಟಲಿಯೇ ಬೇಕೆಂದರೆ ಬೆಂಜೊಯಿನ್ ಜೊತೆಗೆ ಸ್ವಲ್ಪ ಹೊಗೆಯ ಛಾಯೆ ಇರುವುದನ್ನು ಹುಡುಕಿ. ಚರ್ಮದ ಮೇಲೆ ಹಾಕಿಸಿಕೊಂಡು ಸಂಜೆವರೆಗೆ ತಿರುಗಾಡಿ, ದುಡ್ಡು ಆಮೇಲೆ ಕೊಡಿ.

ನನ್ನ ಬಾಟಲಿ ಇನ್ನೂ ಅರ್ಧ ಇದೆ. ಏಪ್ರಿಲ್ ಸೆಕೆಯಲ್ಲಿ ಬೆಳಗ್ಗೆ ಒಂದು ಸಲ ಹೊಡೆದುಕೊಳ್ಳುತ್ತೇನೆ. ಸಾಂಬ್ರಾಣಿ ಅಂತ ಅಲ್ಲ, ನಿಂಬೆ ಸಿಪ್ಪೆ ಅಂತ. ಹಾಗಂದುಕೊಂಡರೆ ಚೆನ್ನಾಗೇ ಇದೆ.