ಕಪ್ಪುಕಲ್ಲಿನಿಂದ ನಾರು ತೆಗೆಯಲು ಲ್ಯಾಬ್ ವರದಿಯೊಂದೇ ಸಾಕೇ?

ಶಿರಸಿ ಕಡೆಯ ನಿಮ್ಮ ಕ್ವಾರಿಯ ಕಪ್ಪುಕಲ್ಲಿನಲ್ಲಿ ಸಿಲಿಕಾ ಶೇ. 49ರಷ್ಟಿದೆ, ಬಸಾಲ್ಟ್ (ಲಾವಾ ಆರಿ ಆದ ಕಪ್ಪುಕಲ್ಲು) ಕರಗಿಸಿ ಎಳೆ, ಅಂದರೆ ನಾರು, ತೆಗೆಯುವ ಘಟಕ ಹಾಕಬಹುದೇ ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಅಂಕಿಯನ್ನು ನಂಬಿ ನಾನೂ ನನ್ನ ಪಾಲುದಾರರೂ ಕಾರವಾರದಲ್ಲಿ ದುಡ್ಡು ಹಾಕಿ ಕಳೆದುಕೊಂಡೆವು.

ನಮ್ಮದು ಅಂಕೋಲಾ ಕಡೆ ಗ್ನೈಸ್ ಎಂಬ ಪಟ್ಟೆಪಟ್ಟೆ ಬಂಡೆಯನ್ನು ಸೀಳಿಕೊಂಡು ಬಂದ ಡಾಲರೈಟ್ ಎಂಬ ಕಪ್ಪುಕಲ್ಲು. ಅದರ ಸಂಯೋಜನೆ ಬಸಾಲ್ಟಿನದೇ ಆದರೂ, ನೆಲದೊಳಗೆ ನಿಧಾನವಾಗಿ ಆರಿದ್ದರಿಂದ ಹರಳುಗಳು ದಪ್ಪ. ಲ್ಯಾಬ್ ವರದಿಯಲ್ಲಿದ್ದ ಆಕ್ಸೈಡುಗಳ (ಸಿಲಿಕಾ, ಅಲ್ಯುಮಿನಾ, ಸುಣ್ಣ ಮುಂತಾದವುಗಳ) ಪಟ್ಟಿ ನೋಡಿ ಸಮಾಧಾನಪಟ್ಟೆವೇ ಹೊರತು, ಕರಗಿದ ಕಲ್ಲು ಯಾವ ಶಾಖದಲ್ಲಿ ಮತ್ತೆ ಹರಳುಗಟ್ಟಲು ತೊಡಗುತ್ತದೆ ಎಂಬುದನ್ನು ಪರೀಕ್ಷಿಸಲಿಲ್ಲ. ಪಟ್ಟಿ ಹೇಳುವುದು ಕಲ್ಲಿನಲ್ಲಿ ಏನಿದೆ ಎಂಬುದನ್ನು ಮಾತ್ರ. ಎಳೆ ತೆಗೆಯುವ ಶಾಖವು ಹರಳುಗಟ್ಟುವ ಶಾಖಕ್ಕಿಂತ ಸಾಕಷ್ಟು ಮೇಲಿರಬೇಕು. ನಮ್ಮ ಕಲ್ಲಿನಲ್ಲಿ ಆ ಅಂತರ ತೀರಾ ಕಡಿಮೆಯಿತ್ತು. ಜೊತೆಗೆ ಕಬ್ಬಿಣದಿಂದ ಕಪ್ಪಾದ ದ್ರವದೊಳಗೆ ಶಾಖ ಸುಲಭವಾಗಿ ಇಳಿಯುವುದಿಲ್ಲವಾದ್ದರಿಂದ, ಮೇಲೆ ಕುದಿಬಿಸಿ ಇದ್ದಾಗಲೂ ತಳ ತಣ್ಣಗಾಗಿ, ದ್ರವವನ್ನು ಎಳೆಯಾಗಿ ಇಳಿಸುವ ಪ್ಲಾಟಿನಂ-ರೋಡಿಯಂ ಲೋಹದ ತಟ್ಟೆಯ ಸಣ್ಣ ತೂತುಗಳಲ್ಲಿ ಹರಳು ಕಟ್ಟಿಕೊಂಡು ಎಳೆ ಪದೇ ಪದೇ ತುಂಡಾಗುತ್ತಿತ್ತು.

ಆದ್ದರಿಂದ ಮೊದಲು ಕಲ್ಲನ್ನು ಪುಡಿ ಮಾಡಿಸಿ, 1450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಒಂದೊಂದು ಮಾದರಿಯನ್ನು ಒಂದೊಂದು ಕಡಿಮೆ ಶಾಖದಲ್ಲಿ ಹಲವು ಗಂಟೆ ಇಡಿಸಿ ನೀರಿಗೆ ಹಾಕಿಸಿರಿ. ಒಡೆದಾಗ ಮುಖ ಗಾಜಿನಂತೆ ಮಿಂಚಿದರೆ ಸರಿ. ಮಂಕಾಗಿ ಕಾಳುಕಾಳಾಗಿ ಕಂಡರೆ ಆ ಶಾಖದಲ್ಲಿ ಹರಳುಗಟ್ಟಿದೆಯೆಂದೇ ಅರ್ಥ. ಮಾದರಿಯನ್ನು ಮಳೆಗೆ ಕಂದಿದ ಹೊರಪದರದಿಂದ ತೆಗೆಯಬೇಡಿ, ಒಂದೇ ಜಾಗದಿಂದಲೂ ತೆಗೆಯಬೇಡಿ. ಕಲ್ಲಿನ ಜಾತಿಯನ್ನೂ ಭೂವಿಜ್ಞಾನಿಯೊಬ್ಬರಿಂದ ಖಚಿತಪಡಿಸಿಕೊಳ್ಳಿ: ಕಪ್ಪಗಿರುವುದೆಲ್ಲ ಜ್ವಾಲಾಮುಖಿಯ ಕಲ್ಲಲ್ಲ, ನಿಮ್ಮ ಹತ್ತಿರದ ಯಾಣದ ಬಂಡೆಗಳೇ ಸುಣ್ಣದಕಲ್ಲು.

ಇಷ್ಟಕ್ಕೂ ಕೈಯಲ್ಲಿರುವ ಕ್ವಾರಿಯಿಂದ ಯೋಚನೆ ಆರಂಭಿಸುವುದೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅಖಂಡ ಎಳೆಯೇ ಬೇಕೆಂದಿದ್ದರೆ ಬೆಳಗಾವಿಯಿಂದ ಉತ್ತರಕ್ಕೆ ಹಬ್ಬಿರುವ ದಖ್ಖನ್ ಬಸಾಲ್ಟಿನಲ್ಲಿ ಹುಡುಕಿ, ಅಲ್ಲಿಯೂ ಪದರಪದರವನ್ನು ಪರೀಕ್ಷಿಸಿ. ನಿಮ್ಮ ಕಲ್ಲನ್ನೇ ಬಳಸಬೇಕೆಂದಿದ್ದರೆ ಶಾಖನಿರೋಧಕವಾಗಿ ಬಳಸುವ ರಾಕ್‌ವೂಲ್ (ಕಲ್ಲಿನ ಉಣ್ಣೆ) ಕಡೆಗೆ ನೋಡಿ. ಅಲ್ಲಿ ದ್ರವವನ್ನು ತಿರುಗುವ ಚಕ್ರಗಳ ಮೇಲೆ ಸುರಿದು ಉಣ್ಣೆ ಮಾಡುವುದರಿಂದ ಸೂಕ್ಷ್ಮ ತೂತುಗಳ ಕಾಟವಿಲ್ಲ. ಬಸಾಲ್ಟಿನಲ್ಲಿ ಸಿಲಿಕಾ-ಅಲ್ಯುಮಿನಾ ಮೊತ್ತವು ಸುಣ್ಣ-ಮೆಗ್ನೀಷಿಯಾ ಮೊತ್ತದ ಮೂರು ಪಟ್ಟಿಗೂ ಹೆಚ್ಚಿರುವುದು ಸಾಮಾನ್ಯ. ಸುಣ್ಣ-ಮೆಗ್ನೀಷಿಯಾ ಹೆಚ್ಚಿರುವ ಡಾಲಮೈಟ್ ಕಲ್ಲನ್ನು ಬೆರೆಸಿ ಆ ಅನುಪಾತವನ್ನು ಎರಡು ಪಟ್ಟಿನ ಹತ್ತಿರಕ್ಕೆ ಇಳಿಸಿದರೆ ದ್ರವ ತೆಳುವಾಗಿ ಹರಿಯುತ್ತದೆ. ಆ ಡಾಲಮೈಟಿನ ಸಾಗಾಟದ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.